ಎಥನಾಲ್ ಬೆಂಕಿಗೆ ನೀರು ಹೊಡೆಯಬಹುದೇ?

ಓದುಗರ ಪ್ರಶ್ನೆ: "ನಮ್ಮ ಮನೆ ಸಂಪಾಜೆ ಘಾಟಿಯ ರಸ್ತೆ ಪಕ್ಕದಲ್ಲೇ ಇದೆ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಎಥನಾಲ್ ನೀರಿನಲ್ಲಿ ಕರಗುತ್ತದಂತೆ. ಹಾಗಾದರೆ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದರೆ ತೋಟದ ಪಂಪ್ ಚಾಲೂ ಮಾಡಿ ನೀರು ಹೊಡೆಯಬಹುದಲ್ಲವೇ? ಜನರೇಟರಿಗೆ ಬಯೋಡೀಸೆಲ್ ತರುವ ಯೋಚನೆಯೂ ಇದೆ. ಅದರಿಂದ ಅಪಾಯ ಉಂಟೇ?"

ನೇರ ಉತ್ತರ ಮೊದಲು: ಹೊಡೆಯಬೇಡಿ. ನಿಮ್ಮ ತರ್ಕ ಅರ್ಧ ಸರಿ, ಉಳಿದರ್ಧದಲ್ಲಿ ಜೀವಕ್ಕೆ ಕುತ್ತಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಥನಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ನಿಜ. ಸಾಕಷ್ಟು ನೀರು ಸೇರಿದರೆ ಉರಿಯುವುದೂ ನಿಲ್ಲುತ್ತದೆ. ಆದರೆ ಸಾಕಷ್ಟು ಎಂದರೆ ಎಷ್ಟು? ಒಂದು ಪಾಲು ಎಥನಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೂ ಆ ದ್ರವ ಸುಮಾರು 36 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೆಂಕಿಯ ಪಕ್ಕದ ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ. 12,000 ಲೀಟರ್ ಎಥನಾಲ್ ಇರುವ ಟ್ಯಾಂಕರಿಗೆ 48,000 ಲೀಟರ್ ನೀರು ಸುರಿದರೂ ನಿಶ್ಚಿಂತೆಯಿಲ್ಲ ಎಂದಾಯಿತು. ಸಾಮಾನ್ಯ ಅಗ್ನಿಶಾಮಕ ವಾಹನವೇ ನಾಲ್ಕೈದು ಸಾವಿರ ಲೀಟರ್ ಹೊರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರಿಗೆ ಇಟ್ಟುಕೊಳ್ಳುವ ನಿಮ್ಮ ಪಂಪ್ ಇಲ್ಲಿ ಉರಿಯುವ ದ್ರವವನ್ನು ಇಳಿಜಾರಿನಲ್ಲಿ ಕೆಳಗಿನ ಮನೆಯ ಕಡೆಗೆ ತಳ್ಳುತ್ತದೆ, ಅಷ್ಟೇ.

ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನ ವಿಷಯ ಇನ್ನೂ ತೊಡಕಿನದು. 2022ರಲ್ಲಿ ನಮ್ಮ ದೇಶ ಶೇ. 10 ಎಥನಾಲ್ ಬೆರಕೆಯ ಗುರಿ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20ಗೆ ಚಾಲನೆ ಸಿಕ್ಕಿತು. ಅಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್. ಇದಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂದು ಒಂದು ಗಾಜಿನ ಅಳತೆ ಕೊಳವೆಯಲ್ಲಿ ನೋಡಿದ್ದೇನೆ. 100 ಮಿ.ಲೀ. ಇ20ಗೆ 10 ಮಿ.ಲೀ. ನೀರು ಹಾಕಿ ಅಲುಗಾಡಿಸಿದಾಗ ಮೊದಲು ಮಜ್ಜಿಗೆಯಂತೆ ಮಬ್ಬಾಯಿತು. ಸ್ವಲ್ಪ ಹೊತ್ತಿನಲ್ಲಿ ನಡುವೆ ಗೆರೆ ಎಳೆದಂತೆ ಎರಡು ಪದರವಾಯಿತು. ಕೆಳಗಿನ ಪದರ 10 ಮಿ.ಲೀ. ಅಲ್ಲ, 30ರ ಹತ್ತಿರ ಬಂದಿತ್ತು. ನೀರು ಪೆಟ್ರೋಲಿನೊಳಗಿದ್ದ ಎಥನಾಲನ್ನು ಎಳೆದುಕೊಂಡು ತಳಕ್ಕಿಳಿದಿತ್ತು. ಮೇಲೆ ತೇಲುತ್ತಿದ್ದದ್ದು ಬಹುಮಟ್ಟಿಗೆ ಬರೀ ಪೆಟ್ರೋಲ್. ರಸ್ತೆಯ ಮೇಲೂ ಆಗುವುದು ಇದೇ. ಮೇಲಿನ ಪದರ ಉರಿಯುತ್ತಾ ನೀರಿನ ಬೆನ್ನೇರಿ ಚರಂಡಿಗೆ ಹೋಗುತ್ತದೆ. ಕೆಳಗಿನ ಪದರದಲ್ಲೂ ಮೂರರಲ್ಲಿ ಎರಡು ಪಾಲಿನಷ್ಟು ಎಥನಾಲ್ ಇರುವುದರಿಂದ ಅದೂ ಉರಿಯಬಲ್ಲದು. (ಮಳೆಗಾಲದಲ್ಲಿ ವೀಡ್ ಕಟರಿಗೆಂದು ಶೆಡ್ಡಿನಲ್ಲಿಟ್ಟ ಪೆಟ್ರೋಲ್ ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ ಎನ್ನುವುದೂ ಇದೇ ಕಾರಣಕ್ಕೆ.)

ಹಾಗಾದರೆ ಅಗ್ನಿಶಾಮಕದವರು ಏನು ಮಾಡುತ್ತಾರೆ? ನೊರೆ ಹಾಸುತ್ತಾರೆ. ಇಲ್ಲೂ ಎಥನಾಲಿನದ್ದು ಬೇರೆಯೇ ಸ್ವಭಾವ. ಸಾಮಾನ್ಯ ನೊರೆಯ ಬಹುಪಾಲು ನೀರೇ. ಎಥನಾಲ್ ಆ ನೀರನ್ನು ಗುಳ್ಳೆಯಿಂದ ಹೀರಿಕೊಳ್ಳುತ್ತದೆ, ನೊರೆಯ ಹೊದಿಕೆ ಕಣ್ಣೆದುರೇ ಕುಸಿಯುತ್ತದೆ. ಅದಕ್ಕೇ ಆಲ್ಕೋಹಾಲ್ ತಡೆದುಕೊಳ್ಳುವ ವಿಶೇಷ ನೊರೆ ಬೇಕು. ಅದರಲ್ಲಿರುವ ಪಾಲಿಮರ್ ಎಥನಾಲಿಗೆ ತಾಗಿದೊಡನೆ ಹಾಲಿನ ಕೆನೆಯಂತೆ ಪೊರೆ ಕಟ್ಟಿ ನೊರೆಯನ್ನು ಕಾಪಾಡುತ್ತದೆ. ಅದನ್ನೂ ರಭಸದಿಂದ ಚುಚ್ಚಿ ಹೊಡೆಯದೆ, ದಿಬ್ಬಕ್ಕೋ ಟ್ಯಾಂಕಿನ ಮೈಗೋ ತಾಗಿಸಿ ಮೆಲ್ಲಗೆ ಹರಿಯಬಿಡಬೇಕು. ಎಥನಾಲ್ ಪ್ರಮಾಣ ಶೇ. 10 ದಾಟಿದ ಯಾವ ಇಂಧನಕ್ಕೂ ಈ ನೊರೆಯೇ ಸರಿ. ಆದ್ದರಿಂದ ಫೋನ್ ಮಾಡುವಾಗ "ಟ್ಯಾಂಕರಿಗೆ ಬೆಂಕಿ ಬಿದ್ದಿದೆ" ಎಂದಷ್ಟೇ ಹೇಳಿದರೆ ಸಾಲದು, ಒಳಗೇನಿದೆ ಎಂಬುದನ್ನೂ ತಿಳಿಸಬೇಕು. ವಾಹನ ಮಡಿಕೇರಿಯಿಂದ ಇಳಿಯಬೇಕು ಅಥವಾ ಸುಳ್ಯದಿಂದ ಹತ್ತಬೇಕು. ಬಂದ ಮೇಲೆ ತಪ್ಪು ನೊರೆ ತಂದಿದ್ದೇವೆ ಎಂದು ಗೊತ್ತಾದರೆ ಘಾಟಿಯಲ್ಲಿ ಇನ್ನೊಂದು ಸಲ ಹೋಗಿ ಬರುವಷ್ಟು ಸಮಯ ಯಾರ ಬಳಿಯೂ ಇರುವುದಿಲ್ಲ.

ಒಳಗೇನಿದೆ ಎಂದು ತಿಳಿಯುವುದು ಹೇಗೆ? ಅಪಾಯಕಾರಿ ಸರಕು ಸಾಗಿಸುವ ಟ್ಯಾಂಕರಿನ ಮೈಮೇಲೆ ಫಲಕವಿರುತ್ತದೆ. ಅದರಲ್ಲಿ ನಾಲ್ಕಂಕಿಯ ಸಂಖ್ಯೆ ಹುಡುಕಿ. 1170 ಎಂದರೆ ಎಥನಾಲ್, 3475 ಎಂದರೆ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್, 1203 ಪೆಟ್ರೋಲ್, 1202 ಡೀಸೆಲ್, 1230 ಮೆಥನಾಲ್. ದೂರದಿಂದ ಕಂಡರೆ 112ಕ್ಕೆ ಓದಿ ಹೇಳಿ. ಓದಲಿಕ್ಕೆಂದು ಹತ್ತಿರ ಹೋಗಬೇಡಿ. ಚಾಲಕ ಹೊರಗೆ ಬಂದಿದ್ದರೆ ಅವರನ್ನೇ ಕೇಳಿ.

ಹತ್ತಿರ ಹೋಗಬೇಡಿ ಎಂದು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಯದ ಸಂಗತಿ ಇದು. ಶುದ್ಧ ಎಥನಾಲಿನ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದೇ ಇಲ್ಲ, ಹೊಗೆಯೂ ಇಲ್ಲವೆನ್ನುವಷ್ಟು ಕಡಿಮೆ. ಒಂದು ತರಬೇತಿಯಲ್ಲಿ ಮಟಮಟ ಮಧ್ಯಾಹ್ನ ಸ್ಟೀಲ್ ತಟ್ಟೆಯಲ್ಲಿ ಸ್ವಲ್ಪ ಸ್ಪಿರಿಟ್ ಹಚ್ಚಿ ತೋರಿಸಿದರು. ನಿಂತವರಿಗೆ ಬರೀ ತಟ್ಟೆ ಕಂಡಿತು. ಅದರಾಚೆಯ ಬೇಲಿ ಮಾತ್ರ ನೀರಿನಲ್ಲಿ ಕಂಡಂತೆ ನಡುಗುತ್ತಿತ್ತು. ಒಣಗಿದ ಸಿಲ್ವರ್ ಓಕ್ ಎಲೆಯೊಂದನ್ನು ಹಾಕಿದಾಗ ಅದು ಸುರುಟಿಕೊಂಡು ಕಿತ್ತಳೆ ಬಣ್ಣದಲ್ಲಿ ಭಗ್ಗೆಂದಿತು. ಬೆಂಕಿ ಅಲ್ಲಿಯವರೆಗೂ ಅಲ್ಲೇ ಇತ್ತು. ಇ20ಯಲ್ಲಿ ಪೆಟ್ರೋಲೇ ಹೆಚ್ಚಾದ್ದರಿಂದ ಜ್ವಾಲೆ ಕಾಣುತ್ತದೆ. ಎಥನಾಲನ್ನು ಡಿಸ್ಟಿಲರಿಯಿಂದ ಡಿಪೋಗೆ ಒಯ್ಯುವ ಟ್ಯಾಂಕರ್ ಆದರೆ "ಬೆಂಕಿ ಇಲ್ಲ, ಬರೀ ಸೋರುತ್ತಿದೆ" ಎಂದು ಕಣ್ಣನ್ನು ನಂಬಿ ಮುಂದೆ ಹೋಗಬಾರದು. ಕ್ಯಾನು, ಬಕೆಟ್ ಹಿಡಿದು ತುಂಬಿಕೊಳ್ಳಲು ಓಡುವವರಿಗಂತೂ ಇದನ್ನು ಕೈಮುಗಿದು ಹೇಳುತ್ತೇನೆ.

ಆವಿಯ ವಿಷಯ. ಎಥನಾಲ್ 13 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮಡಿಕೇರಿಯ ಚಳಿಗಾಲದ ಕೆಲವು ಮುಂಜಾವುಗಳನ್ನು ಬಿಟ್ಟರೆ ವರ್ಷವಿಡೀ ಕೊಡಗಿನ ಹವೆ ಅದಕ್ಕೆ ಸಾಕು. ಪೆಟ್ರೋಲಿಗಂತೂ ಯಾವ ಚಳಿಯೂ ಅಡ್ಡಿಯಲ್ಲ. ಎರಡರ ಆವಿಯೂ ಗಾಳಿಗಿಂತ ಭಾರ, ಮೋರಿ, ತೋಡು, ತಗ್ಗು ಹಿಡಿದು ಕೆಳಗೆ ಇಳಿಯುತ್ತದೆ. ಘಾಟಿಯಲ್ಲಿ ರಾತ್ರಿ ತಣ್ಣನೆಯ ಗಾಳಿಯೂ ಇಳಿಜಾರಿನಲ್ಲೇ ಕೆಳಗೆ ಹರಿಯುತ್ತದೆ, ಆಗ ಮೇಲಿನ ತಿರುವಿಗೆ ಹೋಗುವುದೇ ಕ್ಷೇಮ. ಬಿಸಿಲೇರಿದ ಮೇಲೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುವುದುಂಟು. ಆಗ ಎತ್ತರ ಹುಡುಕಿದರೆ ಸಾಲದು, ಒಂದು ಗುಡ್ಡದ ಮೈ ನಡುವೆ ಬರುವಂತೆ ಇನ್ನೂ ಒಂದೆರಡು ತಿರುವು ದಾಟಿ. ಸೋರಿಕೆ ಮಾತ್ರವಿದ್ದರೆ ಸುತ್ತ ಕನಿಷ್ಠ 50 ಮೀಟರ್ ಖಾಲಿಯಾಗಬೇಕು. ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿನಲ್ಲಿ 300 ಮೀಟರ್. ಟ್ಯಾಂಕರಿಗೇ ಬೆಂಕಿ ತಗುಲಿದರೆ ಎಲ್ಲ ಕಡೆಯೂ 800 ಮೀಟರ್. ತೋಟದ ಕಾರ್ಮಿಕರ ಲೈನ್ ಮನೆಗಳು ರಸ್ತೆಯ ಕೆಳಗಿದ್ದರೆ ಮೊದಲು ಅಲ್ಲಿಯವರನ್ನು ಎಬ್ಬಿಸಿ, ಒಲೆ ಆರಿಸಿ ಹೊರಡಲು ಹೇಳಿ. ಸಾಲುಗಟ್ಟಿ ನಿಂತ ವಾಹನಗಳ ಎಂಜಿನ್ ಬಂದ್ ಮಾಡಿಸಿ.

ಹೊಳೆಗೆ ಸೇರಿದರೆ? ಜೋಡುಪಾಲ, ಕೊಯನಾಡು ಕಡೆಯ ತೋಡುಗಳೆಲ್ಲ ಪಯಸ್ವಿನಿಗೆ ಹೋಗುತ್ತವೆ, ಸುಳ್ಯ ಪೇಟೆಯವರು ಕುಡಿಯುವ ನೀರಿಗೆ ನೆಚ್ಚಿರುವುದು ಅದನ್ನೇ. ಪೂರ್ವಕ್ಕೆ ಇಳಿದದ್ದು ಕಾವೇರಿಗೆ. ತೇಲುವ ಪೆಟ್ರೋಲನ್ನು ತಡೆದು ತೆಗೆಯಬಹುದು, ನೀರಿನೊಂದಿಗೆ ಒಂದಾದ ಎಥನಾಲನ್ನು ಆಗದು. ಸೂಕ್ಷ್ಮಜೀವಿಗಳು ಅದನ್ನು ತಿನ್ನುವಾಗ ನೀರಿನ ಆಮ್ಲಜನಕವೂ ಖರ್ಚಾಗಿ ಮೀನು ಸಾಯುತ್ತವೆ. ಕೆಳಗಿನ ಪಂಚಾಯಿತಿಗೆ ಕೂಡಲೇ ಫೋನ್ ಮಾಡಿ ಪಂಪ್ ನಿಲ್ಲಿಸಲು ಹೇಳುವುದು ನೀವು ಮಾಡಬಹುದಾದ ದೊಡ್ಡ ಕೆಲಸ.

ಇನ್ನು ಬಯೋಡೀಸೆಲ್. ಇದು ಸಾಧು ಇಂಧನ. ಅಪ್ಪಟ ಬಯೋಡೀಸೆಲ್ 100 ಡಿಗ್ರಿ ದಾಟುವವರೆಗೆ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ. ಡೀಸೆಲಿಗೆ ಬೆರೆಸಿದ್ದಾದರೆ ಡೀಸೆಲ್ ಎಂದೇ ತಿಳಿದು ಜಾಗ್ರತೆ ಮಾಡಿ. ಹೊತ್ತಿದರೆ ಡ್ರೈ ಪೌಡರ್ ಸಿಲಿಂಡರ್ ಅಥವಾ ಮರಳು. ಅಪಾಯ ಇರುವುದು ಡ್ರಮ್ಮಿಗಿಂತ ಹೆಚ್ಚಾಗಿ ಒರೆಸಿದ ಬಟ್ಟೆಯಲ್ಲಿ. ಹೊಂಗೆ, ಸೋಯಾದಂಥ ಎಣ್ಣೆಯಿಂದ ಬಂದ ಈ ಇಂಧನ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಶಾಖ ಬಿಡುತ್ತದೆ. ಮುದ್ದೆಗಟ್ಟಿದ ವೇಸ್ಟ್ ಬಟ್ಟೆಯೊಳಗೆ ಆ ಶಾಖ ಹೊರಹೋಗದೆ ಏರುತ್ತಾ ಹೋಗಿ, ಕಡ್ಡಿ ಗೀರದೆಯೇ ಉರಿ ಏಳಬಹುದು. ಜನರೇಟರ್ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ, ಕಾಫಿ ಸಿಪ್ಪೆ ಪಕ್ಕದಲ್ಲಿದ್ದರೆ ಮುಂದಿನದು ಊಹಿಸಿಕೊಳ್ಳಿ. ಒರೆಸಿದ ಬಟ್ಟೆಯನ್ನು ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿಡಿ, ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ. ಇಂಧನವನ್ನು ಮನೆಯಲ್ಲೇ ತಯಾರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅದಕ್ಕೆ ಬೇಕಾದ ಮೆಥನಾಲ್ ಎಥನಾಲಿನಷ್ಟೇ ಸುಲಭವಾಗಿ ಹೊತ್ತುತ್ತದೆ, ಕಾಣದಂತೆ ಉರಿಯುತ್ತದೆ, ಎರಡು ಚಮಚ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು.

ನೀರು ಹಾಕಲೇಬೇಕಾದ ಜಾಗವೂ ಒಂದಿದೆ: ಮನುಷ್ಯನ ಮೈ. ಎಥನಾಲ್ ಚೆಲ್ಲಿ ಬಟ್ಟೆಗೆ ಬೆಂಕಿ ತಗುಲಿದರೆ ಬಿಸಿಲಿನಲ್ಲಿ ಅದು ಕಾಣದೆ ಆತ ಸುಮ್ಮನೆ ಕೂಗುತ್ತಿರುವಂತೆ ತೋರಬಹುದು. ಚೆಲ್ಲಿದ ಜಾಗದಿಂದ ಅವರು ಆಚೆ ಬಂದ ಕೂಡಲೇ ನೆಲಕ್ಕೆ ಮಲಗಿಸಿ ಉರುಳಿಸಿ, ಬಕೆಟುಗಟ್ಟಲೆ ನೀರು ಸುರಿಯಿರಿ. ಅಷ್ಟು ಸಣ್ಣ ಪ್ರಮಾಣಕ್ಕೆ ನೀರು ಬೇಗ ಗೆಲ್ಲುತ್ತದೆ. ಆಮೇಲೆ ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಲಿ, ಉಳಿದ ಮೈ ಬೆಚ್ಚಗಿರಲಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಕಾಫಿಪುಡಿ, ಅರಿಶಿನ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಒಗೆದ ಬಿಳಿ ಪಂಚೆ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೊರಡಿ.