ಲ್ಯಾಪ್‌ಟಾಪ್ ಓವರ್‌ಕ್ಲಾಕ್ ಮಾಡಿದರೆ ಆಟ ಚುರುಕಾಗುತ್ತದೆಯೇ?

ಪ್ರಶ್ನೆ: "ಸರ್, ವಿಜಯಪುರದಾಗ ಇಂಜಿನಿಯರಿಂಗ್ ಓದಾಕತ್ತೀನ್ರಿ. ಐ5-12450ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್ ಇರೋ ಲ್ಯಾಪ್‌ಟಾಪ್ ಐತಿ. ಆಟ ಚಾಲೂ ಮಾಡಿ ಸ್ವಲ್ಪ ಹೊತ್ತಿಗೆ ಫ್ರೇಮ್ ಇಳೀತಾವ. ಓವರ್‌ಕ್ಲಾಕ್ ಮಾಡ್ಲೇನ್ರಿ?"

ಉತ್ತರ: ಬೇಸಿಗೆ ಕಾಲಿಟ್ಟಿತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ, ಮಾದರಿಯ ಹೆಸರೊಂದು ಬದಲಾಗಿರುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ. ಓವರ್‌ಕ್ಲಾಕ್ ಎಂದರೆ ಚಿಪ್ಪನ್ನು ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರಿನ ಮಟ್ಟಿಗೆ ಬೇಡ; ಗ್ರಾಫಿಕ್ಸ್ ಚಿಪ್ಪಿನ ಮಟ್ಟಿಗೆ, ಶಾಖದ ವ್ಯವಸ್ಥೆಯನ್ನು ಸರಿಪಡಿಸಿಕೊಂಡ ಮೇಲೆ, ಬೇಕಿದ್ದರೆ ಸ್ವಲ್ಪ.

ಇಷ್ಟು ಹೇಳಿದೊಡನೆ ಎದುರಾಗುವ ವಾದವೂ ನನಗೆ ಬಾಯಿಪಾಠವಾಗಿದೆ: "ಕಂಪನಿಯವರು ಬೇಕಂತಲೇ ವೇಗವನ್ನು ಕಟ್ಟಿಹಾಕಿರುತ್ತಾರೆ, ನಾವು ಬಿಚ್ಚಿದರೆ ಸಾಕು." ಈ ನಂಬಿಕೆಗೆ ಸಾಕ್ಷಿಯಾಗಿ ಹುಡುಗರು ಟಾಸ್ಕ್ ಮ್ಯಾನೇಜರ್ ತೆರೆದು, ಬೇಸ್ ಸ್ಪೀಡ್ ಎಂಬಲ್ಲಿ ಬರೆದಿರುವ 2.00 ಗಿಗಾಹರ್ಟ್ಸ್ ಅನ್ನು ತೋರಿಸುತ್ತಾರೆ. ಪೆಟ್ಟಿಗೆಯ ಮೇಲೆ 4.4 ಎಂದಿದೆ, ಇಲ್ಲಿ 2 ಇದೆ, ಅಂದರೆ ಅರ್ಧಕ್ಕಿಂತ ಹೆಚ್ಚನ್ನು ಕಂಪನಿ ನುಂಗಿದೆ ಎಂಬುದು ಅವರ ಲೆಕ್ಕ. ಆದರೆ ಅದೇ ಕಿಟಕಿಯಲ್ಲಿ, ಸ್ಪೀಡ್ ಎಂಬ ಹೆಸರಿನಡಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುವ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಆಟ ಆರಂಭವಾದಾಗ ಆ ಅಂಕಿ 4ರ ಆಸುಪಾಸಿಗೆ ಏರಿ, ಚಿಪ್ಪು ಕಾದಂತೆಲ್ಲ ಕೆಳಗಿಳಿಯುತ್ತದೆ. 2.00 ಎಂಬುದು ಸುಮಾರು 45 ವ್ಯಾಟ್ ವಿದ್ಯುತ್ತಿನಲ್ಲಿ ನಿರಂತರವಾಗಿ ನಡೆಸಬಹುದೆಂದು ತಯಾರಕರು ಕೊಡುವ ಭರವಸೆ. ಅದರ ಮೇಲಿನ ಏರಿಕೆಯನ್ನು ಚಿಪ್ಪು ಟರ್ಬೊ ಎಂಬ ಹೆಸರಿನಲ್ಲಿ, 95 ವ್ಯಾಟ್ ವರೆಗೂ ಹೋಗಿ, ನಿಮ್ಮನ್ನು ಕೇಳದೆ ತಾನೇ ಮಾಡಿಕೊಳ್ಳುತ್ತದೆ. ನೀವು ಮಾಡಬೇಕೆಂದಿರುವ ಓವರ್‌ಕ್ಲಾಕನ್ನು ಕಾರ್ಖಾನೆಯವರು ಆಗಲೇ ಮಾಡಿ ಕಳಿಸಿದ್ದಾರೆ.

ಹಾಗಾದರೆ ಫ್ರೇಮ್, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ, ಏಕೆ ಇಳಿಯುತ್ತದೆ? ನಿಮ್ಮ ಪ್ರೊಸೆಸರಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದೊಡನೆ ಅದು ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದಕ್ಕೇ ಥರ್ಮಲ್ ಥ್ರಾಟ್ಲಿಂಗ್ ಎನ್ನುವುದು. ಏದುಸಿರು ಬಿಡುತ್ತ ಏರು ಹತ್ತುತ್ತಿರುವ ಎತ್ತಿಗೆ ಬಾರುಕೋಲಿನಿಂದ ಹೊಡೆದಷ್ಟೇ ಪ್ರಯೋಜನ, ಈ ಸ್ಥಿತಿಯಲ್ಲಿ ಓವರ್‌ಕ್ಲಾಕ್ ಮಾಡುವುದರಿಂದ. ಲೆಕ್ಕವನ್ನೂ ಒಮ್ಮೆ ನೋಡಿ: ಚಿಪ್ಪು ತಿನ್ನುವ ವಿದ್ಯುತ್ತು ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ನೂರಕ್ಕೆ 5ರಷ್ಟು ಏರಿಸಿ, ಅದು ನಿಲ್ಲಲೆಂದು ವೋಲ್ಟೇಜನ್ನೂ ಅಷ್ಟೇ ಏರಿಸಿದರೆ, ಶಾಖ ನೂರಕ್ಕೆ ಸುಮಾರು 16ರಷ್ಟು ಹೆಚ್ಚುತ್ತದೆ. ಬರುವ ಲಾಭವಾದರೂ ಎಷ್ಟು? ಎಲ್ಲವೂ ಕೂಡಿ ಬಂದರೂ 60 ಫ್ರೇಮ್ ಇದ್ದದ್ದು 63 ಆದೀತು.

ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ತಾಮ್ರದ ಕೊಳವೆಗಳು ಒಂದೇ ಆಗಿರುತ್ತವೆ, ಹೀಗಾಗಿ ಪ್ರೊಸೆಸರನ್ನು ಕಾಯಿಸಿದರೆ ಆಟಕ್ಕೆ ನಿಜವಾಗಿ ದುಡಿಯುವ ಗ್ರಾಫಿಕ್ಸ್ ಚಿಪ್ಪೂ ಅದರೊಂದಿಗೆ ಕಾದು ಕುಂಟುತ್ತದೆ. ಇಷ್ಟೆಲ್ಲ ವಿವರಿಸಿದ ಮೇಲೆ ಹೇಳಬೇಕಾದ ಮಾತೆಂದರೆ, ನಿಮ್ಮ ಪ್ರೊಸೆಸರಿನಲ್ಲಿ ವೇಗವನ್ನು ನಿರ್ಧರಿಸುವ ಮಲ್ಟಿಪ್ಲೈಯರ್ ಎಂಬ ಗುಣಕಕ್ಕೆ ಬೀಗ ಹಾಕಿಯೇ ಬರುತ್ತದೆ. ಮನಸ್ಸು ಮಾಡಿದರೂ ಓವರ್‌ಕ್ಲಾಕ್ ಆಗುವುದಿಲ್ಲ. ಆ ಸೌಲಭ್ಯ ಇರುವುದು ಹೆಸರು ಎಚ್‌ಎಕ್ಸ್ ಅಥವಾ ಎಚ್‌ಕೆ ಎಂದು ಮುಗಿಯುವ, ದಪ್ಪ ಮೈಯ ದುಬಾರಿ ಯಂತ್ರಗಳ ಕೆಲವು ಪ್ರೊಸೆಸರುಗಳಲ್ಲಿ.

ಕಂಪನಿಯವರು ವೇಗವನ್ನು ಕಟ್ಟಿಹಾಕುತ್ತಾರೆಂಬ ನಂಬಿಕೆಯಲ್ಲಿ ಒಂದು ಎಳೆಯಷ್ಟು ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050ಯನ್ನು 35ರಿಂದ 80 ವ್ಯಾಟ್ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸುವ ಅಧಿಕಾರ ಲ್ಯಾಪ್‌ಟಾಪ್ ತಯಾರಕರಿಗಿದೆ. ಒಂದೇ ಹೆಸರಿನ ಕಾರ್ಡು ನಿಮ್ಮ ಗೆಳೆಯನ ಯಂತ್ರದಲ್ಲಿ ಹೆಚ್ಚು ಫ್ರೇಮ್ ಕೊಡುವುದು ಈ ಕಾರಣಕ್ಕೆ. ಆದರೆ ಆ ಮಿತಿಯನ್ನು ಫ್ಯಾನು, ಕೊಳವೆಗಳು ತಡೆಯಬಲ್ಲ ಶಾಖವನ್ನು ನೋಡಿ ಇಟ್ಟಿರುತ್ತಾರೆ. ಖರೀದಿಸುವಾಗಲೇ ವ್ಯಾಟ್ ಎಷ್ಟೆಂದು ಕೇಳಬೇಕಿತ್ತು.

ನೀವು ಮೊದಲು ಮಾಡಬೇಕಾದದ್ದು ಬೇರೆ. ಎಚ್‌ಡಬ್ಲ್ಯೂಇನ್ಫೋ ಎಂಬ, ಯಂತ್ರದ ಬಿಸಿ-ವೇಗ ತೋರಿಸುವ ತಂತ್ರಾಂಶ ಹಾಕಿಕೊಂಡು, ಆಟ ಆಡುವಾಗ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನಲ್ಲಿ ಯೆಸ್ ಬರುತ್ತದೆಯೇ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಕೋಣೆ ಎಷ್ಟು ಡಿಗ್ರಿ ಏರುತ್ತದೆಯೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಆದ್ದರಿಂದ ಯೆಸ್ ಬಂದೇ ಬರುತ್ತದೆ ಎಂದು ನನ್ನ ಅಂದಾಜು. ಹಾಸ್ಟೆಲಿನ ಗಾದಿಯ ಮೇಲೆ, ಅದರಲ್ಲೂ ಕೌದಿಯ ಮಡಿಕೆಯ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಡುವವರಿಗೆ ಯಾವ ಸಾಫ್ಟ್‌ವೇರೂ ಸಹಾಯ ಮಾಡಲಾರದು. ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಗಾಳಿಕಿಂಡಿಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ. ನಮ್ಮ ಕಡೆಯ ಧೂಳಿಗೆ, ವಿಶೇಷವಾಗಿ ಜೋಳದ ರಾಶಿಯ ದಿನಗಳು ಮುಗಿದ ಮೇಲೆ, ಫ್ಯಾನು ಶುಚಿ ಮಾಡಿಸಲೇಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಒತ್ತಿ ಹಿಡಿಯಲು ಹೇಳಿ, ಇಲ್ಲವಾದರೆ ಬೇರಿಂಗ್ ಹಾಳಾಗಬಹುದು. ರ‍್ಯಾಮ್ 8 ಜಿಬಿಯ ಒಂದೇ ಪಟ್ಟಿಯಾಗಿದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ, ಅದೇ ಬಗೆಯ ಎರಡನೆಯ ಪಟ್ಟಿ ಹಾಕಿಸಿ. ಎರಡೂ ಪಟ್ಟಿಗಳು ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್ ಆದಾಗ ಆಟದ ತಡವರಿಕೆ ಕಡಿಮೆಯಾಗುವುದು ಯಾವ ಓವರ್‌ಕ್ಲಾಕಿನಿಂದಲೂ ಸಿಗದ ಲಾಭ.

ಇಷ್ಟಾದ ಮೇಲೂ ಕೈ ಕಡಿಯುತ್ತಿದ್ದರೆ, ವೇಗ ಬದಲಿಸುವ ತಂತ್ರಾಂಶವಾದ ಆಫ್ಟರ್‌ಬರ್ನರಿನಲ್ಲಿ ಗ್ರಾಫಿಕ್ಸ್ ಚಿಪ್ಪಿನ ವೇಗವನ್ನು 50 ಮೆಗಾಹರ್ಟ್ಸ್ ಏರಿಸಿ, ಒಂದು ತಾಸು ಆಡಿ, ಪರದೆ ಮಿನುಗದಿದ್ದರೆ ಇನ್ನಷ್ಟು ಏರಿಸಬಹುದು. ಅದಕ್ಕಿಂತ ಜಾಣತನವೆಂದರೆ ವೇಗವನ್ನು ಹಾಗೇ ಬಿಟ್ಟು ವೋಲ್ಟೇಜನ್ನು ಇಳಿಸುವುದು. ಪ್ರೊಸೆಸರಿಗೂ ಇದನ್ನು ಮಾಡಬಹುದಿತ್ತು, ಆದರೆ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ, ಯಂತ್ರ ಆರಂಭವಾಗುವಾಗ ಮೊದಲು ಓಡುವ ಬಯೋಸ್ ಎಂಬ ತಂತ್ರಾಂಶದ ಅಪ್‌ಡೇಟಿನ ಮೂಲಕ ಅನೇಕ ಯಂತ್ರಗಳಲ್ಲಿ ಆ ದಾರಿಯನ್ನು ಮುಚ್ಚಲಾಯಿತು.

ನೀವು ಕೇಳಿಲ್ಲ, ಆದರೂ ಶಾಖದ ಮಾತು ಬಂದಿರುವುದರಿಂದ ಬ್ಯಾಟರಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಚಾರ್ಜರ್ ತೆಗೆದು ಆಡಿದರೆ ಬ್ಯಾಟರಿ ಉಳಿಯುತ್ತದೆಂದು ಹಲವರು ತಿಳಿದಿದ್ದಾರೆ. ಬ್ಯಾಟರಿ ಅಷ್ಟು ವ್ಯಾಟ್ ಕೊಡಲಾರದ ಕಾರಣ ಆಗ ಫ್ರೇಮ್ ಅರ್ಧಕ್ಕೆ ಕುಸಿಯಬಹುದು. ಕರೆಂಟ್ ಹೋದಾಗ ಆಟ ಕುಂಟುವುದೂ ಹೀಗೆಯೇ. ಚಾರ್ಜರ್ ಹಾಕಿಯೇ ಆಡಿ, ಆದರೆ ತಯಾರಕರ ಆ್ಯಪ್‌ನಲ್ಲಿ ಚಾರ್ಜಿನ ಮಿತಿಯನ್ನು ನೂರಕ್ಕೆ 80ಕ್ಕೆ ನಿಲ್ಲಿಸಿ, ಏಕೆಂದರೆ ಲಿಥಿಯಂ ಬ್ಯಾಟರಿಯನ್ನು ಬೇಗ ಮುಪ್ಪಾಗಿಸುವುದು ತುಂಬಿದ ಚಾರ್ಜು ಮತ್ತು ಬಿಸಿ ಎರಡೂ ಕೂಡಿದ ಸ್ಥಿತಿ. ಟಚ್‌ಪ್ಯಾಡ್ ಒಂದು ಬದಿ ಮೇಲೆದ್ದು ಕ್ಲಿಕ್ ಆಗದಂತಾಗಿದ್ದರೆ ಕೆಳಗಿನ ಬ್ಯಾಟರಿ ಉಬ್ಬಿರಬಹುದು. ಆಗ ಚಾರ್ಜರ್ ಕಿತ್ತು, ಯಂತ್ರವನ್ನು ಆಫ್ ಮಾಡಿ, ಒತ್ತದೆ, ಚುಚ್ಚದೆ ಅಂದೇ ಸರ್ವೀಸ್ ಸೆಂಟರಿಗೆ ಒಯ್ಯಿರಿ.