ಲಿಫ್ಟ್ ಹೊರಡುವಾಗ ಒಮ್ಮೆ ಜಗ್ಗುತ್ತದಲ್ಲ, ಯಾಕೆ?

ಐದನೇ ಮಹಡಿಯಲ್ಲಿ ಒಬ್ಬರೇ ಹತ್ತಿ ಗ್ರೌಂಡ್ ಫ್ಲೋರ್ ಬಟನ್ ಒತ್ತುತ್ತೀರಿ. ಬಾಗಿಲು ಮುಚ್ಚುತ್ತದೆ, ಮೇಲೆಲ್ಲೋ ಟಕ್ ಅಂತ ಸದ್ದು, ಕೆಳಗಿಳಿಯಬೇಕಾದ ಲಿಫ್ಟ್ ಒಂದು ಕ್ಷಣ ಮೇಲಕ್ಕೆ ಜಗ್ಗುತ್ತದೆ. ಆ ಟಕ್, ಬ್ರೇಕ್ ಬಿಟ್ಟ ಸದ್ದು. ಜಗ್ಗಿದ್ದೂ ಅದಕ್ಕೇ.

ಹಗ್ಗದ ಇನ್ನೊಂದು ತುದಿಯಲ್ಲಿ ಕೌಂಟರ್‌ವೇಟ್ ಇರುತ್ತದಲ್ವಾ, ಅದರ ತೂಕ ಖಾಲಿ ಲಿಫ್ಟಿಗಿಂತ ಜಾಸ್ತಿ. ಲಿಫ್ಟ್ ಹೊರುವ ಭಾರದ ಹೆಚ್ಚುಕಮ್ಮಿ ಅರ್ಧದಷ್ಟನ್ನು ಸೇರಿಸಿರುತ್ತಾರೆ. ನಮ್ಮಲ್ಲಿ ಎಂಟು ಜನರ ಲಿಫ್ಟ್ ಅಂದರೆ 544 ಕೆಜಿ, ತಲೆಗೆ 68. ನಾಲ್ಕು ಜನ ಇದ್ದರೆ ಎರಡೂ ಕಡೆ ಸಮ. ನೀವೊಬ್ಬರೇ ಇದ್ದರೆ ಆ ಕಡೆ 204 ಕೆಜಿ ಜಾಸ್ತಿ. ನಿಂತಾಗ ಅಷ್ಟನ್ನೂ ತಡೆದಿರುವುದು ಬ್ರೇಕ್. ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ, ಕರೆಂಟ್ ಕೊಟ್ಟರೆ ಮಾತ್ರ ಬಿಡುತ್ತದೆ. ಕರೆಂಟ್ ಹೋದರೆ ತಾನಾಗೇ ಹಿಡಿಯಲಿ ಅಂತ ಈ ಉಲ್ಟಾ ಏರ್ಪಾಡು.

1854ರಲ್ಲಿ ಲಿಫ್ಟ್ ತಯಾರಕ ಎಲಿಷಾ ಓಟಿಸ್ ನ್ಯೂಯಾರ್ಕಿನಲ್ಲಿ ಜನರೆದುರು ತಾನು ನಿಂತ ಲಿಫ್ಟಿನ ಹಗ್ಗ ಕಡಿಸಿ, ಅದು ಬೀಳದೆ ನಿಲ್ಲುವುದನ್ನು ತೋರಿಸಿದಾಗ ಎಲ್ಲರಿಗೂ ಇದ್ದದ್ದು ಬೀಳುವ ಭಯ. ಜಗ್ಗುವುದರ ಬಗ್ಗೆ ಯಾರು ತಲೆ ಕೆಡಿಸಿಕೊಂಡಾರು! ಆಮೇಲೆ ಕರೆಂಟಿನ ಲಿಫ್ಟ್ ಬಂತು, ಜೊತೆಗೆ ಸ್ಕ್ರೂ ಥರದ ವರ್ಮ್ ಗೇರ್. ಈ ಗೇರಿನ ಗುಣ ಏನಂದರೆ ಮೋಟರ್ ಅದನ್ನು ಸುಲಭವಾಗಿ ತಿರುಗಿಸುತ್ತದೆ, ಭಾರ ವಾಪಸ್ ಮೋಟರನ್ನು ತಿರುಗಿಸುವುದು ಕಷ್ಟ. ಹಾಗಾಗಿ ಬ್ರೇಕ್ ಬಿಟ್ಟಾಗಿನ ಎಳೆತವನ್ನು ಗೇರೇ ನುಂಗಿಕೊಳ್ಳುತ್ತಿತ್ತು. ಹಳೇ ಲಿಫ್ಟುಗಳೂ ಕುಲುಕುತ್ತಿದ್ದವು, ಆದರೆ ಅದು ಮೋಟರಿಗೆ ಪೂರ್ತಿ ಕರೆಂಟ್ ಒಂದೇ ಸಲ ನುಗ್ಗುತ್ತಿದ್ದುದಕ್ಕೆ.

1996ರಲ್ಲಿ ಕೋನೆ ಕಂಪನಿ ಗೇರೇ ಇಲ್ಲದ ಚಪ್ಪಟೆ ಮೋಟರಿನ, ಮೆಷಿನ್ ರೂಮ್ ಬೇಡದ ಲಿಫ್ಟ್ ತಂದಿತು. ಮುಂದೆ ಅಂಥವು ಸಾಮಾನ್ಯ ಅಪಾರ್ಟ್‌ಮೆಂಟಿಗೂ ಬಂದವು. ಜಾಗ ಉಳಿಯಿತು, ಕರೆಂಟ್ ಉಳಿಯಿತು. ಆದರೆ ನಡುವೆ ನುಂಗಿಕೊಳ್ಳಲು ಯಾರೂ ಇಲ್ಲ.

ಘಾಟಿಯ ಏರಿನಲ್ಲಿ ನಿಂತ ಕಾರನ್ನು ಹೇಗೆ ಹೊರಡಿಸುತ್ತೀರಿ? ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಕ್ಲಚ್ ಅರ್ಧ ಬಿಟ್ಟು, ಇಂಜಿನ್ ಹಿಡಿಯಿತು ಅನ್ನಿಸಿದ ಮೇಲೆ ಬ್ರೇಕ್ ಇಳಿಸುತ್ತೀರಿ. ಇಲ್ಲೂ ಅದೇ. ಲೋಡ್ ಸೆನ್ಸರ್ ಒಳಗಿನ ತೂಕ ಹೇಳುತ್ತದೆ, ಬ್ರೇಕ್ ಹಿಡಿದಿರುವಾಗಲೇ ಮೋಟರ್ ಅಷ್ಟು ಬಲ ಕಟ್ಟಿಕೊಳ್ಳುತ್ತದೆ, ಆಮೇಲೆ ಟಕ್. ಇನ್ನೊಂದು ದಾರಿ, ಬ್ರೇಕನ್ನು ಫಟ್ ಅಂತ ಬಿಡದೆ, ಅದನ್ನು ಬಿಡಿಸುವ ಕಾಯಿಲಿನ ಕರೆಂಟ್ ಹಿಡಿತದಲ್ಲಿಟ್ಟು ನಿಧಾನಕ್ಕೆ ಸಡಿಲಿಸುವುದು. ಹಗ್ಗ ಓಡುವ ಚಕ್ರ ಕೂದಲೆಳೆಯಷ್ಟು ಜಾರಿದರೂ, ಅದು ತಿರುಗಿದ್ದನ್ನು ಅಳೆಯುವ ಎನ್‌ಕೋಡರ್ ಪತ್ತೆ ಹಚ್ಚುತ್ತದೆ, ನಿಮಗೆ ಗೊತ್ತಾಗುವ ಮೊದಲೇ ಮೋಟರ್ ತಡೆಯುತ್ತದೆ. ಜಾಸ್ತಿ ಹೊತ್ತು ಜಾರಿಸಿದರೆ ಮಾತ್ರ ಬ್ರೇಕ್ ಲೈನಿಂಗ್ ಸವೆಯುತ್ತದೆ.

ಸೆನ್ಸರನ್ನೂ ಪೂರ್ತಿ ನಂಬುವಂತಿಲ್ಲ. ಚೆಂದಕ್ಕೆ ಅಂತ ಲಿಫ್ಟಿನೊಳಗೆ ಗ್ರಾನೈಟ್ ಹಾಸಿದರೆ, ಖಾಲಿ ಇದ್ದರೂ ಒಳಗೆ ಯಾರೋ ಇದ್ದಾರೆ ಅಂದುಕೊಳ್ಳುತ್ತದೆ. ಮೆಕ್ಯಾನಿಕ್ ಬಂದು ಕೌಂಟರ್‌ವೇಟ್ ಸರಿದೂಗಿಸಿ, ಖಾಲಿ ತೂಕ ಎಷ್ಟು ಅಂತ ಸೆನ್ಸರಿಗೆ ಮತ್ತೆ ಹೇಳಿಕೊಡಬೇಕು.