ಮೆಲುದನಿ ಕೇಳಿಸದು, ಅಬ್ಬರ ತಡೆಯಲಾಗದು: ವಾಲ್ಯೂಮ್ ಎಲ್ಲಿಡಬೇಕು?

ಪ್ರಶ್ನೆ: ಮನೆಯಲ್ಲಿ ಆರ್ಕೆಸ್ಟ್ರಾ ಸಂಗೀತ ಹಾಕಿದರೆ ಮೆಲುದನಿಯ ಭಾಗಗಳು ಕಿವಿಗೇ ಬೀಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಇಡೀ ವಾದ್ಯವೃಂದ ಮೈಮೇಲೆ ಬಂದಂತಾಗುತ್ತದೆ. ರಿಮೋಟ್ ಕೈಯಿಂದ ಕೆಳಗಿಡುವ ಹಾಗಿಲ್ಲ. ಇದಕ್ಕೆ ಪರಿಹಾರವಿದೆಯೇ?

ಉತ್ತರ: ಇದೆ. ಆದರೆ ಮೊದಲು ವಾಲ್ಯೂಮ್ ಹೊಂದಿಸುವ ಕ್ರಮವನ್ನೇ ತಿರುಗಿಸಬೇಕು. ಕೃತಿ ಮೆಲ್ಲಗೆ ಶುರುವಾಗುತ್ತದೆ, ನಾವು ಅದು ಕೇಳುವಷ್ಟು ಏರಿಸಿ ಕೂರುತ್ತೇವೆ; ತೊಂದರೆ ಅಲ್ಲಿಂದಲೇ. ಅದರ ಬದಲು ಅತಿ ಜೋರಾದ ಭಾಗವನ್ನು ಮೊದಲು ಹುಡುಕಿ. ಸಿಂಫನಿಗಳಲ್ಲಿ ಅದು ಸಾಮಾನ್ಯವಾಗಿ ಕೊನೆಯ ಕೆಲವು ನಿಮಿಷಗಳಲ್ಲಿರುತ್ತದೆ. ಫೈಲನ್ನು ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದರೆ ಅಲೆಯ ಎತ್ತರದಲ್ಲೇ ಕಾಣುತ್ತದೆ. ಆ ಭಾಗವನ್ನು ನುಡಿಸಿ, ನೀವು ದಿನವೂ ಕೂರುವ ಜಾಗದಲ್ಲೇ ಕೂತು, ತಡೆದುಕೊಳ್ಳಬಹುದಾದ ಗರಿಷ್ಠ ಮಟ್ಟಕ್ಕೆ ವಾಲ್ಯೂಮ್ ಇಟ್ಟು ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಈಗ ಅತಿ ಮೆಲ್ಲಗಿನ ಭಾಗಕ್ಕೆ ಹೋಗಿ. ಅಲ್ಲಿ ಏನು ಕೇಳಿಸುತ್ತಿಲ್ಲವೋ ಅಷ್ಟೇ ನಿಮ್ಮ ನಿಜವಾದ ಕೊರತೆ.

ಅದನ್ನು ಅಂಕಿಗಳಲ್ಲಿ ನೋಡೋಣ. ಜೋರಾದ ಭಾಗ ನಿಮ್ಮ ಕಿವಿಯ ಬಳಿ 80 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಕೃತಿಯ ಏರಿಳಿತ 50 ಡೆಸಿಬೆಲ್ ಆದರೆ ಮೆಲುದನಿ 30ಕ್ಕೆ ಬಂತು. ಕೋಣೆಯ ಗದ್ದಲ 38 ಇದ್ದರೆ ಸಂಗೀತ ಅದರಡಿ 8 ಡೆಸಿಬೆಲ್ ಹೂತುಹೋಗಿದೆ. ಗದ್ದಲಕ್ಕಿಂತ 5 ಡೆಸಿಬೆಲ್ ಮೇಲಿದ್ದರೆ ನೆಮ್ಮದಿಯಾಗಿ ಕೇಳಬಹುದು; ಅಂದರೆ ಕೊರತೆ 13. ಈ 13ನ್ನು ತುಂಬುವುದಷ್ಟೇ ಕೆಲಸ.

ಮೊದಲ ಪಾಲು ಗದ್ದಲದಿಂದ ಬರಲಿ. ಫ್ಯಾನ್, ಏಸಿ, ಕಂಪ್ಯೂಟರಿನ ಒಳಗಿನ ಫ್ಯಾನ್ ಒಂದೊಂದಾಗಿ ಆರಿಸಿ, ಪ್ರತಿ ಸಲವೂ ಮೊಬೈಲಿನ ಸೌಂಡ್ ಮೀಟರ್ ಆ್ಯಪಿನಲ್ಲಿ ಎಷ್ಟು ಇಳಿಯಿತೆಂದು ನೋಡಿ. ಆ್ಯಪ್ ತೋರಿಸುವ ಅಂಕಿ ಪೂರ್ತಿ ನಂಬುವಂಥದ್ದಲ್ಲ, ಆದರೆ ಎರಡು ಅಳತೆಗಳ ನಡುವಿನ ವ್ಯತ್ಯಾಸ ಸಾಕಷ್ಟು ಸರಿಯಿರುತ್ತದೆ. ಬಹಳ ನಿಶ್ಶಬ್ದದಲ್ಲಿ ಮಾತ್ರ ಮೈಕಿನ ಸ್ವಂತ ಸದ್ದೇ ಅಡ್ಡ ಬರುತ್ತದೆ, ಅಂಕಿ ಒಂದು ಹಂತದ ಕೆಳಗೆ ಇಳಿಯುವುದೇ ಇಲ್ಲ. ಗದ್ದಲದಲ್ಲಿ ಉಳಿಸಿದ ಒಂದೊಂದು ಡೆಸಿಬೆಲ್ಲೂ ಸಂಗೀತವನ್ನು ಮುಟ್ಟದೆ ಸಿಕ್ಕಿದ್ದು. ಹಾಗಾಗಿ ಇದನ್ನು ಬಿಟ್ಟು ನೇರವಾಗಿ ಯಂತ್ರದ ಉಪಾಯಕ್ಕೆ ಹೋಗಬೇಡಿ.

ಮುಂದಿನದು, ಮೇಲಿನ ಮಿತಿಯನ್ನು ಹಾಕಿದವರು ಯಾರು ಎಂಬುದು. ಪಕ್ಕದ ಕೋಣೆಯಲ್ಲಿ ಮಲಗಿರುವವರೇ ಮಿತಿಯಾದರೆ ಸ್ಪೀಕರಿನ ಹತ್ತಿರಕ್ಕೆ ಸರಿಯಿರಿ. ದೂರ ಅರ್ಧವಾದರೆ ಬಯಲಿನಲ್ಲಿ 6 ಡೆಸಿಬೆಲ್ ಏರುತ್ತದೆ. ಗೋಡೆಗಳ ಪ್ರತಿಫಲನವಿರುವ ಕೋಣೆಯಲ್ಲಿ ಅದಕ್ಕಿಂತ ಕಡಿಮೆ, ಆದರೂ ಉಪಯೋಗವಿದೆ. ನಿಮ್ಮ ಕಿವಿಯೇ ಮಿತಿಯಾದರೆ ಹತ್ತಿರ ಸರಿದು ಪ್ರಯೋಜನವಿಲ್ಲ, ಏಕೆಂದರೆ ಅಬ್ಬರವೂ ಅಷ್ಟೇ ಹತ್ತಿರ ಬರುತ್ತದೆ. ಆಗ ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನ್ ಬೇಕು. ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಗದ್ದಲವನ್ನು 20 ಡೆಸಿಬೆಲ್ಲಿಗೂ ಹೆಚ್ಚು ಇಳಿಸಬಲ್ಲದು. ಸಿಲಿಕಾನ್ ತುದಿ ಸಡಿಲವಾಗಿದ್ದರೆ ಗದ್ದಲವೂ ಒಳಬರುತ್ತದೆ, ಬೇಸ್ ಕೂಡ ಸೋರಿಹೋಗುತ್ತದೆ. ಒಂದು ಅಳತೆ ದೊಡ್ಡ ತುದಿ ಹಾಕಿ ನೋಡಿ.

ಇಷ್ಟರ ಮೇಲೂ ಉಳಿದ ಕೊರತೆಗೆ ಕಂಪ್ರೆಸರ್. ಗೊತ್ತುಮಾಡಿದ ಮಟ್ಟವನ್ನು, ಅಂದರೆ ಥ್ರೆಶೋಲ್ಡನ್ನು, ದಾಟಿದ ದನಿಯನ್ನು ಅದು ತಗ್ಗಿಸುತ್ತದೆ; ಆಮೇಲೆ ಎಲ್ಲವನ್ನೂ ಒಟ್ಟಿಗೆ ಎತ್ತುವುದು ಮೇಕಪ್ ಗೇನ್. ಎಷ್ಟು ಪಾಲು ತಗ್ಗಿಸಬೇಕೆಂಬುದು ರೇಷಿಯೊ, ತಗ್ಗಿಸಲು ಹಿಡಿಯುವ ಸಮಯ ಅಟ್ಯಾಕ್, ದನಿ ಇಳಿದ ಮೇಲೆ ಹಿಡಿತ ಬಿಡಲು ಬೇಕಾದ ಸಮಯ ರಿಲೀಸ್. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಟೂಲ್ಸ್ ಮೆನು, ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್, ಅದರೊಳಗೆ ಆಡಿಯೊ ಎಫೆಕ್ಟ್ಸ್ ಅಡಿ ಇದು ಸಿಗುತ್ತದೆ. ಥ್ರೆಶೋಲ್ಡ್ -30, ರೇಷಿಯೊ 1.5, ಅಟ್ಯಾಕ್ 25 ಮಿಲಿಸೆಕೆಂಡ್, ರಿಲೀಸ್ 800 ಮಿಲಿಸೆಕೆಂಡ್, ಮೇಕಪ್ ಗೇನ್ 8 ಇಡಿ. ಫೈಲಿನ ಗರಿಷ್ಠ ಮಟ್ಟ 0; ಥ್ರೆಶೋಲ್ಡಿನಿಂದ ಅಲ್ಲಿಯವರೆಗಿನ 30 ಡೆಸಿಬೆಲ್ ಏರಿಳಿತ 20ಕ್ಕೆ ಕುಗ್ಗಿ, ಜೋರಾದ ಭಾಗ 10 ಡೆಸಿಬೆಲ್ ತಗ್ಗುತ್ತದೆ. 8 ಮರಳಿ ಎತ್ತಿದರೆ 2 ಮಿಕ್ಕಿರುತ್ತದೆ. ಮಿಕ್ಕಿರಲೇಬೇಕು: ಅಟ್ಯಾಕಿನ ಆ 25 ಮಿಲಿಸೆಕೆಂಡಿನಲ್ಲಿ ಡ್ರಮ್ಮಿನ ಮೊದಲ ಪೆಟ್ಟು ಪೂರ್ತಿ ತಗ್ಗದೆ ನುಸುಳುತ್ತದೆ. ಸಾಲದಿದ್ದರೆ ರೇಷಿಯೊ 2, ಗೇನ್ 12. ಅದರಾಚೆಗೆ ಹೋಗಬೇಡಿ. ಕಂಪ್ರೆಸರ್ ಹಾಕುವ ಮುನ್ನ ವಾಲ್ಯೂಮ್ ಇಳಿಸಿ, ಹಾಕಿದ ಮೇಲೆ ಮತ್ತೆ ಜೋರಾದ ಭಾಗದಿಂದಲೇ ಹೊಂದಿಸಿ.

ರಿಲೀಸ್ ಯಾಕೆ ಇಷ್ಟು ನಿಧಾನ ಎಂದರೆ, 100 ಮಿಲಿಸೆಕೆಂಡಿಗೆ ಇಳಿಸಿ ಪಿಯಾನೊ ಕೇಳಿ. ಜೋರಾದ ಸ್ವರ ಹೊಮ್ಮಿ ನಾದ ಆರುತ್ತಿರುವಾಗ ಕಂಪ್ರೆಸರ್ ಹಿಡಿತ ಬಿಡುತ್ತದೆ. ನಾದ ಸಹಜವಾಗಿ ಆರದೆ ನಿಂತಲ್ಲೇ ನಿಲ್ಲುತ್ತದೆ, ಸಭಾಂಗಣದ ಹಿನ್ನೆಲೆಯ ಸದ್ದು ಉಸಿರೆಳೆದಂತೆ ಉಬ್ಬುತ್ತದೆ. ಆ ಉಬ್ಬು ಕೇಳಿಸಿದರೆ ಮೊದಲು ರಿಲೀಸ್ ಹೆಚ್ಚಿಸಿ, ಆಮೇಲೆ ರೇಷಿಯೊ ಇಳಿಸಿ. ಕಂಪ್ರೆಸರ್ ಇರುವುದೇ ಗೊತ್ತಾಗದಿದ್ದರೆ ಹೊಂದಾಣಿಕೆ ಸರಿಯಾಗಿದೆ.

ಸಂಗೀತ ಪ್ಲೇಯರುಗಳಲ್ಲಿರುವ ರೀಪ್ಲೇಗೇನ್ ಎಂಬ ಸೌಲಭ್ಯ ಈ ಕೆಲಸಕ್ಕೆ ಬರುವುದಿಲ್ಲ. ಅದು ಒಂದು ಟ್ರ್ಯಾಕಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸರಿಪಡಿಸುತ್ತದೆಯೇ ಹೊರತು ಟ್ರ್ಯಾಕಿನೊಳಗಿನ ಏರಿಳಿತ ಮುಟ್ಟುವುದಿಲ್ಲ. ಸಿಂಫನಿಗೆ ಆಲ್ಬಮ್ ಮೋಡ್ ಇಡಿ; ಟ್ರ್ಯಾಕ್ ಮೋಡಿನಲ್ಲಿ ನಿಧಾನಗತಿಯ ಎರಡನೇ ಭಾಗ ಕೊನೆಯ ಭಾಗದಷ್ಟೇ ಜೋರಾಗಿಬಿಡುತ್ತದೆ. ಹೋಂ ಥಿಯೇಟರ್ ರಿಸೀವರಿನಲ್ಲಿ ಏರಿಳಿತ ತಗ್ಗಿಸುವ ನೈಟ್ ಮೋಡ್ ಕೂಡ ಅನೇಕ ಯಂತ್ರಗಳಲ್ಲಿ ಡಾಲ್ಬಿ ಧ್ವನಿಗೆ ಮಾತ್ರ ಕೆಲಸ ಮಾಡುತ್ತದೆ, ಸಿಡಿಯ ಸಾದಾ ಸ್ಟೀರಿಯೊಗೆ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ.

ಇನ್ನೊಂದು ವಿಷಯ. ಜೋರಾದ ಕಡೆ ಕಿವಿಗೆ ಚುಚ್ಚುವುದು ಯಾವಾಗಲೂ ಜೋರು ದನಿಯಲ್ಲ. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿನಿಂದ 20 ಡೆಸಿಬೆಲ್ ಹೆಚ್ಚು ಬೇಕಾದರೆ 100 ವ್ಯಾಟ್ ಬೇಕು. ಸಣ್ಣ ಆಂಪ್ಲಿಫೈಯರಿಗೆ ಅದು ಆಗದು. ಅಲೆಯ ತುದಿ ಕತ್ತರಿಸಿ ಕರ್ಕಶವಾಗುತ್ತದೆ. ವಾಲ್ಯೂಮನ್ನು 3 ಡೆಸಿಬೆಲ್ ಮಾತ್ರ ಇಳಿಸಿ ನೋಡಿ. ದನಿ ಹೆಚ್ಚು ಕಡಿಮೆ ಅಷ್ಟೇ ಇದ್ದು ಕರ್ಕಶತೆ ಮಾತ್ರ ಥಟ್ಟನೆ ಮಾಯವಾದರೆ, ತಡೆಯಲಾಗದೆ ಸೋತದ್ದು ನಿಮ್ಮ ಕಿವಿಯಲ್ಲ, ಆಂಪ್ಲಿಫೈಯರ್.